ಬಚ್ಚಲ ನೀರಿನ ಇತಿಹಾಸ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳೆಯ ಕಂದಾಯ ಲೆಕ್ಕದಲ್ಲಿ ಸಾಗುವಳಿ ಭೂಮಿ ಮೂರೇ ಥರ. ಖುಷ್ಕಿ, ತರಿ, ಬಾಗಾಯ್ತು. ಮಳೆಯನ್ನೇ ನಂಬಿದ್ದು ಖುಷ್ಕಿ, ಕೆರೆ ನೀರು ಹಾಯುವುದು ತರಿ, ತೆಂಗು ಅಡಿಕೆ ಎಲೆಬಳ್ಳಿ ಇದ್ದರೆ ಬಾಗಾಯ್ತು. ಒಂದೊಂದಕ್ಕೂ ಒಂದೊಂದು ದರ. ಊರೊಳಗಿನ ಜಾಗ ಮಾತ್ರ ಗ್ರಾಮಠಾಣ. ಅಲ್ಲಿ ಮನೆ ಇರುತ್ತೆ, ಬೆಳೆ ಇರಲ್ಲ ಅಂತ ಸರ್ಕಾರ ತೀರ್ಮಾನ ಮಾಡಿಬಿಟ್ಟಿತ್ತು. ಹಾಗಾಗಿ ಮನೆ ಹಿಂದಿನ ನುಗ್ಗೆ ಮರ, ಚಪ್ಪರಕ್ಕೆ ಹಬ್ಬಿದ ಹೀರೆ ಬಳ್ಳಿ, ಬಚ್ಚಲ ಬಾಯಿಯ ಬಾಳೆ ಗಿಡ ಯಾವ ಶಾನುಭೋಗರ ಲೆಕ್ಕಕ್ಕೂ ಸಿಗಲಿಲ್ಲ. ತೆರಿಗೆ ಇಲ್ಲದ್ದಕ್ಕೆ ದಾಖಲೆ ಇಲ್ಲ, ದಾಖಲೆ ಇಲ್ಲದ್ದರ ಇತಿಹಾಸ ಬರೆಯೋಕೆ ಯಾರೂ ಕೂರುವುದಿಲ್ಲ.

ನನಗೆ ಈ ಹಿತ್ತಲಿನ ಹುಚ್ಚು ಹಿಡಿದಿದ್ದು 2020ರ ಬೇಸಿಗೆಯಲ್ಲಿ. ಲಾಕ್‌ಡೌನ್ ಅಂತ ಲ್ಯಾಪ್‌ಟಾಪ್ ಹೊತ್ತು ಚಳ್ಳಕೆರೆಯ ಮನೆ ಸೇರಿದ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಅಜ್ಜಿ, ಅಪ್ಪ, ಅಮ್ಮ, ನಾನು, ತಮ್ಮ, ಐದು ಜನ ಒಂದೇ ಸೂರಿನಡಿ ತಿಂಗಳುಗಟ್ಟಲೆ ಇದ್ದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಬೆಂಗಳೂರಿನ ಗೆಳತಿಯರೆಲ್ಲ ಬಾಲ್ಕನಿಯಲ್ಲಿ ಟೊಮೆಟೊ ಬೆಳೆದು ಫೋಟೊ ಹಾಕುತ್ತಿದ್ದರು. ನಾನೂ ಮನೆ ಹಿಂದಿನ ನಾಲ್ಕಡಿ ಸಂದಿಯಲ್ಲಿ ಏನಾದರೂ ಹಾಕೋಣ ಅಂದಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ ಮಣ್ಣಿನದಲ್ಲ, ಬೀಜದ್ದಲ್ಲ. "ಮನೇಲಿ ಎಷ್ಟು ಜನ ಇದ್ದೀವಿ ಈಗ?"

ಈ ಪ್ರಶ್ನೆ ಯಾಕೆ ಅಂತ ಅರ್ಥವಾಗಬೇಕಾದರೆ ಇಲ್ಲಿನ ಮಳೆ ಗೊತ್ತಿರಬೇಕು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಬೆಂಗಳೂರಿನದರಲ್ಲಿ ಅರ್ಧ ಅಂದುಕೊಳ್ಳಿ. ಅದರಲ್ಲೂ ದೊಡ್ಡ ಪಾಲು ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಾರ್ಚ್‌ನಿಂದ ಮೇ ತನಕ ಭರಣಿ ಬಂತಾ, ಕೃತ್ತಿಕೆ ಬಂತಾ ಅಂತ ಆಕಾಶ ನೋಡುವುದೇ ಕೆಲಸ. ತಾಲ್ಲೂಕಿನಲ್ಲಿ ಹರಿಯುವ ವೇದಾವತಿ ಬೇಸಿಗೆಯಲ್ಲಿ ನದಿಯಲ್ಲ, ಮರಳಿನ ದಾರಿ. ಆ ಮರಳಲ್ಲಿ ಒರತೆ ತೋಡಿ, ಬಟ್ಟಲಲ್ಲಿ ಮೊಗೆದು ಕೊಡ ತುಂಬಿಸಿಕೊಂಡು ಬರುತ್ತಿದ್ದ ಕಾಲ ಅಜ್ಜಿಗೆ ಚೆನ್ನಾಗಿ ನೆನಪಿದೆ. ಇಂಥ ಕಡೆ ಗಿಡಕ್ಕೆ ಅಂತಲೇ ನೀರು ಹೊರುವ ಮಾತೇ ಇಲ್ಲ.

"ಗಿಡಕ್ಕೆ ಅಂತ ಒಂದು ಕೊಡ ಹೊತ್ತಿದ್ದಿಲ್ಲ ಕಣವ್ವ. ಮೈ ತೊಳ್ಕಂಡಿದ್ದು, ಪಾತ್ರೆ ತೊಳ್ದಿದ್ದು, ಅದೇ ಹೋಗಾದು" ಅಂದಳು ಅಜ್ಜಿ.

ಅಂದರೆ ನಮ್ಮ ಸೀಮೆಯ ಹಿತ್ತಲು ಅನ್ನೋದು ಮನೆಮಂದಿ ಬಳಸಿ ಬಿಟ್ಟ ನೀರಿನ ತೋಟ. ಮನೇಲಿ ಜನ ಹೆಚ್ಚಿದ್ದರೆ ಬಚ್ಚಲ ನೀರು ಹೆಚ್ಚು, ನೀರು ಹೆಚ್ಚಿದ್ದರೆ ಗಿಡ ಹೆಚ್ಚು. ಕೂಡುಕುಟುಂಬದ ಬಗ್ಗೆ ಸಮಾಜಶಾಸ್ತ್ರದವರು ಪುಸ್ತಕಗಟ್ಟಲೆ ಬರೆದಿದ್ದಾರೆ. ಅದು ಒಂದು ನೀರಾವರಿ ವ್ಯವಸ್ಥೆಯೂ ಆಗಿತ್ತು ಅಂತ ನನಗೆ ಹೇಳಿಕೊಟ್ಟಿದ್ದು ಮಾತ್ರ ಅಜ್ಜಿ.

ಲೆಕ್ಕ ಹಾಕಿ ನೋಡಿದೆ. ಪರಶುರಾಂಪುರದ ಕಡೆಯ ಆ ಹಳ್ಳಿಮನೆಯಲ್ಲಿ ಆಗ ಹನ್ನೆರಡು ಜನ. ಬೇಸಿಗೆಯಲ್ಲಿ ಸ್ನಾನಕ್ಕೆ ಸರದಿ, ದಿನಕ್ಕೆ ಆರೇಳು ಜನ. ತಲೆಗೆ ಎರಡು ಕೊಡ ಅಂದರೂ ಹದಿನಾಲ್ಕು ಕೊಡ, ಹತ್ತಿರ ಹತ್ತಿರ 170 ಲೀಟರ್. ಅಕ್ಕಿ, ಬೇಳೆ ತೊಳೆದ ನೀರು ಕಲಗಚ್ಚಾಗಿ ದನಕ್ಕೆ ಹೋಗುತ್ತಿತ್ತು, ಅದರ ಮೇಲೆ ಗಿಡಕ್ಕೆ ಹಕ್ಕಿಲ್ಲ. ಪಾತ್ರೆ ತೊಳೆದದ್ದು ಮಾತ್ರ ಬಚ್ಚಲ ನೀರಿಗೆ ಸೇರುತ್ತಿತ್ತು. ಆಗ ಪಾತ್ರೆ ಉಜ್ಜೋದು ಒಲೆ ಬೂದಿಯಲ್ಲಿ, ತಲೆಗೆ ಸೀಗೆಕಾಯಿ, ಮೈಗೆ ಕಡ್ಲೆಹಿಟ್ಟು. ಬೂದಿಯಲ್ಲಿ ಪೊಟ್ಯಾಷ್ ಇರುತ್ತೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆ ನೀರೇ ಗೊಬ್ಬರದ ನೀರು. ಅದು ಹೋಗುವ ದಾರಿಯಲ್ಲಿ ಯಾವ ಗಿಡ ಎಲ್ಲಿ ಅನ್ನೋದಕ್ಕೂ ಒಂದು ಕ್ರಮ. ಬಚ್ಚಲ ಬಾಯಿಗೆ ಬಾಳೆ, ಅದು ಎಷ್ಟು ಕೊಟ್ಟರೂ ಕುಡಿಯುತ್ತೆ. ಆಮೇಲೆ ಬಸಳೆ, ಆಮೇಲೆ ಕರಿಬೇವು. ಕೊನೆಗೆ, ನೀರು ಮುಟ್ಟಿದರೆ ಮುಟ್ಟೀತು ಬಿಟ್ಟರೆ ಬಿಟ್ಟೀತು ಅನ್ನೋ ಜಾಗದಲ್ಲಿ ನುಗ್ಗೆ. ಹೀರೆ, ಕುಂಬಳದ ಬೀಜವನ್ನ ಸಗಣಿಗೆ ಮೆತ್ತಿ ಗೋಡೆಗೆ ತಟ್ಟಿಟ್ಟರೆ ಹುಳ ಬೀಳದೆ ಮುಂದಿನ ಮಳೆವರೆಗೂ ಕಾಯುತ್ತಿತ್ತು. ಮೊದಲ ಹದ ಮಳೆಗೆ ಗೋಡೆಯಿಂದ ಕಿತ್ತು ಹಾಗೇ ಊರುವುದು. ಪ್ಯಾಕೆಟ್ಟು, ಲೇಬಲ್ಲು ಯಾವುದೂ ಬೇಕಿರಲಿಲ್ಲ.

ಸರಿ, ಇದು ಎಷ್ಟು ಹಳೆಯದು? ಹಿತ್ತಲು ಅನ್ನೋ ಮಾತಿಗೆ ಹಳಗನ್ನಡದಲ್ಲಿ ಪಿತ್ತಿಲ್ ಅಂತ ರೂಪ ಇದೆ. ಗಡಿಯ ನಮ್ಮ ಎರಡೂ ತಾಲ್ಲೂಕಿನ ತೆಲುಗು ಮನೆಮಾತಿನವರು ಪೆರಡು ಅಂತಾರೆ. ಅದಕ್ಕಿಂತ ಹಿಂದಕ್ಕೆ ಹೋಗಬೇಕೆಂದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೇ ಹೋಗಬೇಕು. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ, ಪಕ್ಕದ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಬ್ರಹ್ಮಗಿರಿಯಲ್ಲಿ ಕಲ್ಲುಕೊಡಲಿ ಕಾಲದ ಜನ ವಾಸವಾಗಿದ್ದ ಕುರುಹು ಸಿಕ್ಕಿತು. ಅದೇ ಸಂಸ್ಕೃತಿಯ, ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ಕೊರಲೆಯನ್ನ ನಮ್ಮ ಕಡೆ ಈಗಲೂ ಬಿತ್ತುತ್ತಾರೆ. ನೀವು ಬೆಂಗಳೂರಲ್ಲಿ ಸಿರಿಧಾನ್ಯ ಅಂತ ಕೊಳ್ಳುತ್ತೀರಲ್ಲ, ಅದೇ.

ಅಶೋಕ ಅಂದ ಕೂಡಲೇ ನಮಗೆಲ್ಲ ಶಾಲೆಯ ಒಂದು ವಾಕ್ಯ ನೆನಪಾಗುತ್ತೆ, ಸಾಲುಮರ ನೆಡಿಸಿದ, ಬಾವಿ ತೋಡಿಸಿದ. ಆ ಮಾತು ನಮ್ಮ ಬಂಡೆಯ ಮೇಲಿಲ್ಲ. ಔಷಧಿ ಗಿಡ, ಹಣ್ಣು, ಬಾವಿಗಳ ವಿಷಯ ಇರುವುದು ಅವನ ದೊಡ್ಡ ಬಂಡೆ ಶಾಸನಗಳಲ್ಲಿ. ಅವನ್ನ ನೋಡಬೇಕೆಂದರೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಬ್ರಹ್ಮಗಿರಿಯದು ಚಿಕ್ಕ ಶಾಸನ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೊರಟ ಆ ಆಜ್ಞೆಯ ಕೊನೆಯ ಭಾಗದಲ್ಲಿ ತಾಯಿತಂದೆಯ ಮಾತು ಕೇಳಬೇಕು, ಜೀವಿಗಳ ಬಗ್ಗೆ ಕರುಣೆ ಇರಬೇಕು, ನಿಜ ಹೇಳಬೇಕು, ನೆಂಟರ ಜತೆ ಸರಿಯಾಗಿ ನಡೆದುಕೊಳ್ಳಬೇಕು ಅಂತಿದೆ. ಮನೆಮಂದಿ ಜತೆ ಬಾಳೋದು ಹೇಗೆ ಅನ್ನೋದರ ಬಗ್ಗೆ ಕರ್ನಾಟಕದ ಅತಿ ಹಳೆಯ ಬರಹಗಳಲ್ಲೊಂದು ಇದು. ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ಓದಿದರೆ ಸ್ವಲ್ಪ ನಗು ಬರುತ್ತೆ.

ಮರ ನೆಡಿಸಿದವನು ರಾಜ, ಹೌದು. ಹಿತ್ತಲಿಗೆ ಗೊಬ್ಬರ ಬೇಕಲ್ಲ, ಅದಕ್ಕೆ ನಮ್ಮ ಸೀಮೆಯಲ್ಲಿ ಒಬ್ಬ ದೇವರೇ ಇದ್ದಾನೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಬರಗಾಲದಲ್ಲಿ ಜನರನ್ನ ಸೇರಿಸಿ ಕೆರೆ ಕಟ್ಟಿಸಿದ, ಕೆಲಸಕ್ಕೆ ತಕ್ಕ ಕೂಲಿ ಕೊಟ್ಟ ಅಂತ ನಂಬಿಕೆ. 'ಮಾಡಿದಷ್ಟು ನೀಡು ಭಿಕ್ಷೆ' ಅನ್ನೋ ಮಾತು ಆಟೊಗಳ ಹಿಂದೆಯೂ ಸಿಗುತ್ತೆ. ತಿಪ್ಪೆ ಅಂದರೆ ಸಗಣಿ, ಕಸ, ಬೂದಿ ಕೊಳೆಯುವ ಗೊಬ್ಬರದ ಗುಡ್ಡೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪವ್ವ ಅಂತ ಹೆಸರಿಡುವ ರೂಢಿಯೂ ಇತ್ತು. ನಮ್ಮ ಕ್ಲಾಸಿನ ಹಾಜರಿಯಲ್ಲಿ ತಿಪ್ಪೇಸ್ವಾಮಿಗಳನ್ನ ಇನಿಷಿಯಲ್ ಇಲ್ಲದೆ ಕೂಗೋ ಹಾಗೇ ಇರಲಿಲ್ಲ. ಕಾರ್ಪೊರೇಟ್ ಕಚೇರಿಗೆ ಹೋದ ಮೇಲೆ ಆ ಹೆಸರನ್ನ 'ಟಿಪ್ಸ್' ಅಂತ ಮೊಟಕು ಮಾಡಿಕೊಂಡ ಗೆಳೆಯನೂ ಇದ್ದಾನೆ. ಫಲವತ್ತಾದದ್ದರ ಹೆಸರು ಅದು, ಮುಚ್ಚಿಡೋಕೆ ಏನಿದೆ ಅಂತ ನನ್ನ ವಾದ.

ತಿಪ್ಪೆ ಬೇಕೆಂದರೆ ದನ ಬೇಕು, ದನಕ್ಕೆ ಕಾವಲು ಬೇಕು. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆ ಈಚಿನ ವರ್ಷಗಳಲ್ಲಿ ಡಿಆರ್‌ಡಿಒ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ, ಬಾಬಾ ಅಣು ಸಂಶೋಧನಾ ಕೇಂದ್ರಗಳ ಪಾಲಾಯಿತು. ಅದು ಬೇರೆಯೇ ಜಗಳ, ಇಲ್ಲಿ ಹಿಡಿಸುವುದಿಲ್ಲ. ಮೇವು ಕಮ್ಮಿಯಾದರೆ ದನ ಕಮ್ಮಿ, ದನ ಕಮ್ಮಿಯಾದರೆ ಹಿತ್ತಲಿಗೆ ಗೊಬ್ಬರ ಇಲ್ಲ ಅನ್ನೋದಷ್ಟನ್ನ ನೆನಪಿಡಿ.

ಇನ್ನೊಂದು ತಮಾಷೆ. 'ನಾಟಿ' ಅಂತ ನಾವು ಹೆಮ್ಮೆಯಿಂದ ಹೇಳುವ ಹಿತ್ತಲಲ್ಲಿ ಅರ್ಧಕ್ಕರ್ಧ ವಲಸೆ ಬಂದವರು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಇಲ್ಲಿಗೆ ಬಂದು ಕರಿಮೆಣಸಿನ ಹೆಸರನ್ನೇ ಕಸಿದುಕೊಂಡಿತು. ಪರಂಗಿ ಹಣ್ಣು ತಾನು ಪರದೇಶಿ ಅಂತ ಹೆಸರಲ್ಲೇ ಒಪ್ಪಿಕೊಂಡಿದೆ. ಮೊಳಕಾಲ್ಮೂರಿನ ಗುಡ್ಡಗಳಲ್ಲಿ ಕಾಡುಗಿಡದ ಹಾಗೆ ಬೆಳೆಯುವ ಸೀತಾಫಲ ಸೀತಮ್ಮನ ಹೆಸರಿಟ್ಟುಕೊಂಡರೂ ಅದೂ ಅಲ್ಲಿಂದಲೇ ಬಂದದ್ದು. ಚಳ್ಳಕೆರೆಗೆ ಎಣ್ಣೆ ನಗರಿ ಅಂತ ಹೆಸರು ತಂದ ಶೇಂಗಾ ಕೂಡ ಹಾಗೇ. ಹಿತ್ತಲಿಗೆ ಬೇಲಿಯಾಗಿದ್ದ ಪಾಪಸುಕಳ್ಳಿಯ ಕತೆ ಇನ್ನೂ ವಿಚಿತ್ರ. ಅದರ ಮೇಲೆ ಬೆಳೆಯುವ ಹುಳುವಿನಿಂದ ಕೆಂಪು ಬಣ್ಣ ತೆಗೆಯುವ ಆಸೆಗೆ ಈಸ್ಟ್ ಇಂಡಿಯಾ ಕಂಪನಿ 18ನೇ ಶತಮಾನದ ಕೊನೆಗೆ ಪ್ರಯೋಗ ಮಾಡಿತು. ಬಣ್ಣದ ವ್ಯಾಪಾರ ಕೈಹತ್ತಲಿಲ್ಲ, ಕಳ್ಳಿ ಮಾತ್ರ ದಕ್ಷಿಣ ಭಾರತದ ಬಯಲನ್ನೆಲ್ಲ ನುಂಗಿತು. ಕೊನೆಗೆ 1926ರಲ್ಲಿ ಸಿಲೋನಿನಿಂದ ಇನ್ನೊಂದು ಜಾತಿಯ ಹುಳು ತಂದು ಬಿಟ್ಟ ಮೇಲೆ ಅದು ಸೊರಗಿತು. ಆ ಜಾಗಕ್ಕೆ ಬಳ್ಳಾರಿ ಜಾಲಿ ಬಂತು. ಅದೂ ಅಮೆರಿಕದ್ದೇ.

ಹಾಗಂತ ಹಿತ್ತಲು ಬರೀ ತಮಾಷೆಯ ಜಾಗವಲ್ಲ. 1876ರಿಂದ 78ರ ತನಕದ ಬರವನ್ನ ಆ ಸಂವತ್ಸರಗಳ ಹೆಸರಲ್ಲೇ ಧಾತು ಈಶ್ವರ ಬರ ಅಂತ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ಕ್ಕೆ ಅದು 42 ಲಕ್ಷದ ಹತ್ತಿರಕ್ಕೆ ಇಳಿಯಿತು. ಹೊಲ ಒಣಗಿದ ಮೇಲೆ ಮನೆಯವರ ಕೈಗೆ ಸಿಗುವುದು ನುಗ್ಗೆ ಸೊಪ್ಪು, ಬದುವಿನ ಅಣ್ಣೆ ಸೊಪ್ಪು, ಕಳ್ಳಿ ಹಣ್ಣು. ಬಚ್ಚಲ ಸಾಲಿನ ಕೊನೆಯಲ್ಲಿ ನುಗ್ಗೆಯನ್ನ ಯಾಕೆ ಇಡುತ್ತಿದ್ದರು ಅಂತ ಅಜ್ಜಿಯನ್ನ ಕೇಳಿದರೆ, "ಬಚ್ಚಲು ಒಣಗಿದ್ರೂ ಅದು ಇರ್ತೈತೆ" ಅಂದಳು. ನೀರು ಸಿಗದಿದ್ದಾಗ ಯಾವುದನ್ನ ಮೊದಲು ಸಾಯೋಕೆ ಬಿಡಬೇಕು ಅನ್ನೋ ಪಟ್ಟಿ ಆ ಸಾಲಿನಲ್ಲೇ ಇತ್ತು.

ಎಲ್ಲರಿಗೂ ಈ ಸಾಲು ಇತ್ತು ಅಂದುಕೊಳ್ಳಬೇಡಿ. ಬಚ್ಚಲಿಗೆ ನೀರು ಬರಬೇಕೆಂದರೆ ಮೊದಲು ಬಾವಿಗೆ ಕೊಡ ಇಳಿಸುವ ಹಕ್ಕು ಬೇಕು. ದಲಿತ ಕೇರಿಯವರು ಬಾವಿಕಟ್ಟೆಯ ಕೆಳಗೆ ನಿಂತು, ಬೇರೆಯವರು ಸೇದಿ ಮೇಲಿಂದ ಸುರಿಯುವ ತನಕ ಕಾಯಬೇಕಿತ್ತು. ಹಾಗೆ ಬಂದ ನೀರಲ್ಲಿ ಮೈ ತೊಳೆದು ಬಾಳೆ ಬೆಳೆಯುವುದಾದರೂ ಹೇಗೆ? ಹಿತ್ತಲಿನ ಬಗ್ಗೆ ನಮ್ಮವರು ಬರೆದ ಎಷ್ಟೋ ಪ್ರಬಂಧಗಳಲ್ಲಿ ಈ ಬಾವಿ ಬರುವುದೇ ಇಲ್ಲ.

ಮನೆಯೊಳಗೂ ಸಮಾನತೆ ಏನಿರಲಿಲ್ಲ. ಅಮ್ಮನ ತವರು ಮೊಳಕಾಲ್ಮೂರು. ರೇಷ್ಮೆ ಸೀರೆಯ ಊರು, 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ ಸೀರೆ. ಅವಳ ಪಕ್ಕದ ಓಣಿಯ ಮನೆಗಳಲ್ಲಿ ನೆಲಕ್ಕೆ ಗುಂಡಿ ತೋಡಿ ಕೂರಿಸಿದ ಮಗ್ಗಗಳು. ರೇಷ್ಮೆಯ ಗೋಂದು ಬಿಡಿಸೋಕೆ ಸೋಪು ಸೋಡಾ ಹಾಕಿ ಕುದಿಸಿದ ನೀರು, ಬಣ್ಣ ಅದ್ದಿದ ನೀರು ಗಿಡಕ್ಕೆ ಹಾಕುವಂಥದ್ದಲ್ಲ. ಹಾಗಾಗಿ ಅಲ್ಲಿ ಹಿತ್ತಲಿನ ಸಾಲು ಇರಲಿಲ್ಲ, ಕಿಟಕಿ ಪಕ್ಕ ತಗಡಿನ ಡಬ್ಬದಲ್ಲಿ ಕನಕಾಂಬರ ಇರುತ್ತಿತ್ತು. ಸೀರೆ ಮೇಲೆ ಹೂವು, ಹಣ್ಣು ನೇಯುವ ಓಣಿಯಲ್ಲಿ ನಿಜವಾದ ಹೂವು ಇದ್ದದ್ದು ಅಷ್ಟೇ. 1984ರಲ್ಲಿ ಮದುವೆಯಾಗಿ ಬರುವಾಗ ಅಮ್ಮ ಆ ಕನಕಾಂಬರದ ಬೀಜ ತಂದಳು. ಅಜ್ಜಿ ಬಚ್ಚಲ ಸಾಲಿನಲ್ಲಿ ಜಾಗ ಕೊಡಲಿಲ್ಲ. ಹೂವೇನು ಸಾರಿಗೆ ಹಾಕೋಕಾಗುತ್ತಾ ಅಂತ. ಆ ವರ್ಷಗಳು ಬರದ ವರ್ಷಗಳು, ಅಜ್ಜಿಯ ಮಾತಲ್ಲಿ ಹುರುಳಿಲ್ಲದೇ ಇರಲಿಲ್ಲ. ಅಮ್ಮ ಜಗಳ ಆಡಲಿಲ್ಲ. ಸ್ನಾನಕ್ಕೆ ತನಗೆ ಅಂತ ಇದ್ದ ಎರಡು ಕೊಡದಲ್ಲಿ ಒಂದರಲ್ಲೇ ಮುಗಿಸಿ, ಇನ್ನೊಂದನ್ನ ಗೋಡೆ ಮೂಲೆಯ ಕನಕಾಂಬರಕ್ಕೆ ಹೊಯ್ಯುತ್ತಿದ್ದಳಂತೆ. ಎರಡು ಬೇಸಿಗೆ. ಇದನ್ನ ಅವಳು ನನಗೆ ಹೇಳಿದ್ದು ಮೂವತ್ತಾರು ವರ್ಷದ ಮೇಲೆ, ಲಾಕ್‌ಡೌನಿನ ಒಂದು ಮಧ್ಯಾಹ್ನ, ಅವರೆಕಾಯಿ ಬಿಡಿಸುವಾಗ ಹೇಳುವಷ್ಟೇ ಸಲೀಸಾಗಿ. ಅಜ್ಜಿ ಅಲ್ಲೇ ಮಂಚದ ಮೇಲಿದ್ದಳು. "ನಂಗೊತ್ತಿತ್ತು" ಅಂದಳು. ಅಷ್ಟೇ.

ಇದರ ಮುಂದೆ ಸರ್ಕಾರಿ ಅಭಿಯಾನಗಳು ನನಗೆ ಸಪ್ಪೆ ಅನ್ನಿಸುತ್ತವೆ. ಎರಡನೇ ಮಹಾಯುದ್ಧದ ಹೊತ್ತಿಗೆ ಹೆಚ್ಚು ಆಹಾರ ಬೆಳೆಯಿರಿ ಅಂದರು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಜನಪಥ್ ರಸ್ತೆಯ ತಮ್ಮ ಬಂಗಲೆಯ ಹುಲ್ಲುಹಾಸನ್ನೇ ಉತ್ತು ಮನೆಮನೆಯಲ್ಲೂ ತರಕಾರಿ ಬೆಳೆಯಿರಿ ಅಂತ ಕರೆ ಕೊಟ್ಟರು. ಒಳ್ಳೆಯ ಮನಸ್ಸಿನ ಕರೆಯೇ. ಆದರೆ ನೀರು ಹೊರುವವರು ಯಾರು ಅಂತ ಯಾವ ಪೋಸ್ಟರೂ ಕೇಳಲಿಲ್ಲ.

ಕೇಳಿದವರು ಒಬ್ಬರಿದ್ದರು. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ, ಕೈಪಂಪು ಹಾಕಿಸಿ ಜನರ ಬಾಯಲ್ಲಿ ನೀರ್ ಸಾಬ್ ಆದರು. ನಮ್ಮ ಕಡೆ ಕೈಪಂಪಿಗೆ ಇವತ್ತಿಗೂ ಬೋರಿಂಗು ಅಂತಲೇ ಹೆಸರು. ಬಾವಿಕಟ್ಟೆಯ ಕೆಳಗೆ ನಿಂತಿದ್ದವರು ತಾವೇ ಹ್ಯಾಂಡಲ್ ಹಿಡಿದು ಒತ್ತುವಂತಾಯಿತು. ಒರತೆಗೆ ನಡೆಯುವುದು ತಪ್ಪಿತು. ನಜೀರ್ ಸಾಬ್ ತೀರಿಕೊಂಡದ್ದು 1988ರಲ್ಲಿ. ಆ ಬೇಸಿಗೆಗಳಲ್ಲಿ ಅಮ್ಮನ ಕನಕಾಂಬರಕ್ಕೆ ಪೂರ್ತಿ ಕೊಡ ಸಿಗತೊಡಗಿತ್ತು.

ಆಮೇಲೆ ಕೊಳವೆಬಾವಿ ಆಳಕ್ಕೆ ಹೋದಂತೆ ಈ ಸೀಮೆಯ ನೀರಿನಲ್ಲಿ ಫ್ಲೋರೈಡಿನ ಕಾಟ ಶುರುವಾಯಿತು. ಮಕ್ಕಳ ಹಲ್ಲು ಕಂದಾಯಿತು, ದೊಡ್ಡವರ ಮಂಡಿ ಬಿಗಿಯಿತು. ಈಗ ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನು, ಇಲ್ಲವೇ ಮನೆಯಲ್ಲೇ ಆರ್‌ಒ. ಆರ್‌ಒ ಹೊರಗೆ ಬಿಡುವ ನೀರನ್ನ ಗಿಡಕ್ಕೆ ಹಾಕುವವರು ಬಹಳ. ಹಾಕಬೇಡಿ. ಶೋಧಿಸಿ ಬಿಟ್ಟ ಉಪ್ಪೆಲ್ಲ ಅದರಲ್ಲೇ ಇರುತ್ತೆ, ಕುಂಡದ ಮಣ್ಣು ಬೆಳ್ಳಗಾಗುತ್ತೆ. ನೆಲ ಒರೆಸೋಕೆ ಇಟ್ಟುಕೊಳ್ಳಿ. ಬಚ್ಚಲು ಮನೆಯೊಳಗೆ ಬಂತು, ನೀರು ಪೈಪಿನಲ್ಲಿ ಚರಂಡಿಗೆ ಹೋಯಿತು, ಬೂದಿಯ ಜಾಗಕ್ಕೆ ಡಿಟರ್ಜೆಂಟ್ ಬಂತು. ಹಳ್ಳಿ ಬಿಟ್ಟು ಚಳ್ಳಕೆರೆಯಲ್ಲಿ 30x40 ಸೈಟಿನ ಮನೆ ಕಟ್ಟಿಸಿದಾಗ ಹಿತ್ತಲು ಅಂತ ಉಳಿದದ್ದು ಆ ನಾಲ್ಕಡಿ ಸಂದಿ. ಹನ್ನೆರಡು ಜನ ಮೂರು ಊರು ಸೇರಿದ್ದರು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಜಿಲ್ಲೆಯೆಲ್ಲ ಹೋಗಿ ನೋಡಿಕೊಂಡು ಬಂದಿತು. ನಲ್ಲಿಯಲ್ಲಿ ನೀರು ಇದ್ದರೂ ಬೆಳೆಯೋಕೆ ಮಣ್ಣಿಲ್ಲದ ಮನೆಗಳಿಂದಲೇ ಬಹಳ ಜನ ಹೋದದ್ದು.

ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಒರತೆಯಲ್ಲಿ ಬಟ್ಟಲು ಹಿಡಿದು ಕೂರುವ ಕೆಲಸ ಅಜ್ಜಿಗೆ ಬೇಡ, ನನಗೂ ಬೇಡ. ಆದರೆ ಇಷ್ಟು ನೀರಿಗೆ ಇಷ್ಟು ಗಿಡ ಅನ್ನೋ ಲೆಕ್ಕ ಆ ಸಾಲಿನಲ್ಲಿತ್ತು, ಅದು ನನಗೆ ಬೇಕಿತ್ತು.

2020ರ ಆ ಬೇಸಿಗೆಯಲ್ಲಿ ಅಪ್ಪ ಬಾತ್‌ರೂಮಿನ ಪೈಪನ್ನ ಹೊರಗೋಡೆಯ ಹತ್ತಿರ ಕತ್ತರಿಸಿ ಸಂದಿಗೆ ತಿರುಗಿಸಿದರು. ಬಟ್ಟೆ ಮಷಿನ್ನಿನ ನೀರು ಬೇರೆ, ಅದು ಚರಂಡಿಗೇ. ಕುಂಡ ಸಿಗಲಿಲ್ಲ, ಎಣ್ಣೆ ಮಿಲ್ಲಿನ 15 ಕೆ.ಜಿ. ತಗಡಿನ ಡಬ್ಬ ಬೇಕಾದಷ್ಟು ಸಿಕ್ಕವು. ತಿಪ್ಪೆಯ ಬದಲು ಶೇಂಗಾ ಹಿಂಡಿಯನ್ನ ನಾಲ್ಕು ದಿನ ನೀರಲ್ಲಿ ಕೊಳೆಸಿ ತೆಳ್ಳಗೆ ಮಾಡಿ ಹಾಕಿದೆವು. ವಾಸನೆಗೆ ತಮ್ಮ ಮೀಟಿಂಗಿನಲ್ಲಿ ಕ್ಯಾಮೆರಾ ಇಲ್ಲದಿದ್ದರೂ ಮೂಗು ಮುಚ್ಚಿಕೊಂಡು ಕೂತಿರುತ್ತಿದ್ದ. ಸಾಲು ಹೇಳಿಕೊಟ್ಟಿದ್ದು ಅಜ್ಜಿ. ಪೈಪಿನ ಬಾಯಿಗೆ ಬಾಳೆ, ಆಮೇಲೆ ಬಸಳೆ, ಕರಿಬೇವು, ಕೊನೆಗೆ ನುಗ್ಗೆ. ಬಾಳೆಗೂ ಬಸಳೆಗೂ ಮಧ್ಯೆ ಒಂದು ಮೊಳ ಜಾಗ ಬಿಡಿಸಿ, "ಅಲ್ಲಿ ನಿಮ್ಮವ್ವನ ಹೂ ಹಾಕ್ರಿ" ಅಂದಳು.

ಮುಂದಿನ ವರ್ಷ ಕಚೇರಿ ತೆರೆಯಿತು, ನಾನು ಬೆಂಗಳೂರಿಗೆ ಬಂದೆ, ತಮ್ಮ ಪುಣೆಗೆ ಹೋದ. ಒಂದು ಭಾನುವಾರ ಫೋನಿನಲ್ಲಿ ಅಮ್ಮ ಹೇಳಿದಳು, "ಇಬ್ರ ನೀರು ಕಮ್ಮಿ ಆತು ನೋಡು, ಬಾಳೆ ತೆಗ್ಸಿಬಿಟ್ಟೆ."